ಸಭಾಂಗಣದಿಂದ ಲ್ಯಾಬಿಗೆ: ಒಂದು ಡಿಜಿಟಲ್ ಕಲಿಕಾ ಕಾರ್ಯಾಗಾರದ ಪ್ರಕರಣ ಅಧ್ಯಯನ

ಬೆಂಗಳೂರಿನ ಪಶ್ಚಿಮ ಭಾಗದ ಒಂದು ಅನುದಾನಿತ ಪದವಿ ಕಾಲೇಜಿನಲ್ಲಿ ನಡೆದ ಪ್ರಕರಣ ಇದು. ಕಾಲೇಜಿನ ಹೆಸರು ಇಲ್ಲಿ ಬೇಡ. ನಾನು ಅಲ್ಲಿ ಗ್ರಂಥಪಾಲಕಿ.

ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ 'ಸ್ವಯಂ'ನ ಕೋರ್ಸುಗಳಿಗೆ ವಿದ್ಯಾರ್ಥಿಗಳನ್ನು ಸೇರಿಸಬೇಕೆಂದು ಕಾಲೇಜು ಒಂದು ದಿನದ ಕಾರ್ಯಾಗಾರ ಇಟ್ಟುಕೊಂಡಿತು. ಸಭಾಂಗಣ ತುಂಬಿತ್ತು. ಹೊರಗಿನಿಂದ ಬಂದ ಸಂಪನ್ಮೂಲ ವ್ಯಕ್ತಿ ಚೆನ್ನಾಗಿಯೇ ಮಾತಾಡಿದರು. ಸಂಜೆ ಹೊತ್ತಿಗೆ ಎಲ್ಲರ ಕೈಯಲ್ಲೂ ಪ್ರಮಾಣಪತ್ರ ಇತ್ತು. ಮರುವಾರ ವಿಚಾರಿಸಿದರೆ, ನಿಜವಾಗಿ ಕೋರ್ಸಿಗೆ ಸೇರಿದವರು ಬೆರಳೆಣಿಕೆಯಷ್ಟು ಜನ. ಸ್ಟಾಫ್ ರೂಮಿನಲ್ಲಿ ಎಲ್ಲರದ್ದೂ ಒಂದೇ ಮಾತು: "ಈಗಿನ ಮಕ್ಕಳಿಗೆ ಆಸಕ್ತಿ ಇಲ್ಲ ಮೇಡಂ." ಗ್ರಂಥಾಲಯದ ಮೇಜಿನ ಮುಂದೆ ದಿನವೂ ಅದೇ ಮಕ್ಕಳನ್ನು ನೋಡುವ ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಏನಾಯಿತು ಎಂದು ವಿದ್ಯಾರ್ಥಿಗಳನ್ನೇ ಕೇಳುತ್ತಾ ಹೋದೆವು. ಆಮೇಲೆ ಆ ಕಾರ್ಯಾಗಾರವನ್ನು ಬಿಚ್ಚಿ ಮತ್ತೆ ಕಟ್ಟಿದೆವು.

ಕಲಿಯಲು ಬಂದವರು ಯಾರು

ನಮ್ಮಲ್ಲಿ ಬಿ.ಎ., ಬಿ.ಕಾಂ. ಓದುವವರೇ ಹೆಚ್ಚು. ಸುಂಕದಕಟ್ಟೆ, ಕಾಮಾಕ್ಷಿಪಾಳ್ಯ, ಪೀಣ್ಯ, ಮಾಗಡಿ ರಸ್ತೆಯ ಆಚೆಯ ಹಳ್ಳಿಗಳಿಂದ ಬರುತ್ತಾರೆ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಧಕ್ಕಿಂತ ಜಾಸ್ತಿ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ದೂರದ ಹುಡುಗಿಯರ ಹಾಜರಾತಿ ಸುಧಾರಿಸಿದ್ದನ್ನು ನಾನೇ ನೋಡಿದ್ದೇನೆ. ಹುಡುಗರಲ್ಲಿ ಅನೇಕರು ಕ್ಲಾಸು ಮುಗಿಸಿ ಮಧ್ಯಾಹ್ನದಿಂದ ಡೆಲಿವರಿ ಕೆಲಸಕ್ಕೋ ಅಂಗಡಿಗೋ ಹೋಗುತ್ತಾರೆ. ಎಲ್ಲರ ಬಳಿಯೂ ಸ್ಮಾರ್ಟ್‌ಫೋನ್ ಇದೆ, ಮನೆಯಲ್ಲಿ ಕಂಪ್ಯೂಟರ್ ಇರುವವರು ಅಪರೂಪ. ಫೋನಿನಲ್ಲಿ ವಿಡಿಯೊ ಎಡಿಟ್ ಮಾಡುವ, ಮನೆಯ ಕರೆಂಟ್ ಬಿಲ್ಲನ್ನು ಯುಪಿಐನಲ್ಲಿ ಕಟ್ಟುವ ಮಕ್ಕಳು ಇವರು. ಡಿಜಿಟಲ್ ಜ್ಞಾನ ಶೂನ್ಯ ಎಂದು ಇವರನ್ನು ಕರೆಯಲು ಸಾಧ್ಯವೇ ಇಲ್ಲ.

ಸಭಾಂಗಣದ ದಿನ

ಬೆಳಗ್ಗೆ ಉದ್ಘಾಟನೆ, ಸ್ವಾಗತ, ಅತಿಥಿಗಳ ಮಾತು. ಆಮೇಲೆ ಸ್ವಯಂ ಕುರಿತ ಉಪನ್ಯಾಸ. ಅದರಲ್ಲಿ ಹೇಳಿದ್ದೆಲ್ಲ ತಿಳಿಯಬೇಕಾದದ್ದೇ. ಕೇಂದ್ರ ಸರ್ಕಾರದ ಈ ವೇದಿಕೆ 2017ರ ಜುಲೈ 9ರಂದು ಶುರುವಾಯಿತು. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಆನ್‌ಲೈನ್ ಪಾಠಗಳ ಯೋಜನೆಯಾದ ಎನ್‌ಪಿಟೆಲ್‌ನ ಕೋರ್ಸುಗಳು ಇಲ್ಲಿ ಸಿಗುತ್ತವೆ. ಮ್ಯಾನೇಜ್‌ಮೆಂಟ್ ಕೋರ್ಸುಗಳ ರಾಷ್ಟ್ರೀಯ ಸಂಯೋಜಕ ಸಂಸ್ಥೆ ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ. ಪದವಿಯ ಕ್ರೆಡಿಟ್‌ಗಳಲ್ಲಿ (ಕೋರ್ಸು ಮುಗಿಸಿದ್ದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ ಅಂಕಮಾನ) ಒಂದು ಪಾಲನ್ನು ಇಲ್ಲಿಂದ ಪಡೆಯಬಹುದು ಎಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. ಆಗ ಮಿತಿ ಶೇ. 20 ಇತ್ತು. 2021ರ ನಿಯಮ ಅದನ್ನು ಶೇ. 40ಕ್ಕೆ ಏರಿಸಿತು. ಪಾಠ ಕೇಳಲು ದುಡ್ಡು ಬೇಕಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಪಡೆಯುವುದಕ್ಕೆ ಮಾತ್ರ ಶುಲ್ಕ. ಮಾಗಡಿ ರಸ್ತೆಯ ಹುಡುಗಿಯೊಬ್ಬಳು ಐಐಎಂ ಪ್ರಾಧ್ಯಾಪಕರ ಪಾಠವನ್ನು ಮನೆಯಲ್ಲೇ ಕೂತು ಕೇಳಬಹುದು ಎಂಬುದು ಸಣ್ಣ ಮಾತಲ್ಲ.

ಮಧ್ಯಾಹ್ನ ಪ್ರಾಯೋಗಿಕ ಅವಧಿ. "ಎಲ್ಲರೂ ಫೋನ್ ತೆಗೀರಿ, ಸ್ವಯಂ ಓಪನ್ ಮಾಡಿ, ರಿಜಿಸ್ಟರ್ ಆಗಿ" ಎಂದರು. ಸಭಾಂಗಣದಲ್ಲಿ ಇದ್ದದ್ದು ಒಂದೇ ವೈಫೈ ಪೆಟ್ಟಿಗೆ. ನೂರಕ್ಕೂ ಹೆಚ್ಚು ಫೋನುಗಳು ಒಟ್ಟಿಗೆ ಅದರ ಮೇಲೆ ಬಿದ್ದವು. ಪುಟ ತೆರೆಯದೆ ಚಕ್ರ ತಿರುಗತೊಡಗಿತು. ಕೆಲವರು ತಮ್ಮ ಡೇಟಾ ಆನ್ ಮಾಡಿಕೊಂಡು ಮುಂದೆ ಹೋದರು, ಉಳಿದವರು ಹೋದವರ ಪರದೆ ನೋಡುತ್ತಾ ಕೂತರು. ಅಷ್ಟರಲ್ಲಿ ಸಮಾರೋಪಕ್ಕೆ ಹೊತ್ತಾಯಿತು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ದಾಖಲೆಗೆ ಜಿಯೋಟ್ಯಾಗ್ (ತೆಗೆದ ಜಾಗದ ಗುರುತು) ಇರುವ ಫೋಟೊ ಬೇಕಾಗುತ್ತದೆ, ಅದಕ್ಕಾಗಿ ಎಲ್ಲರೂ ಎದ್ದು ನಿಂತರು.

ವೈಫೈ ಒಂದೇ ಕಾರಣವಾಗಿದ್ದರೆ ಇಷ್ಟು ಉದ್ದ ಬರೆಯುವ ಅಗತ್ಯ ಇರಲಿಲ್ಲ. ಇನ್ನೆರಡು ಪೆಟ್ಟಿಗೆ ಹಾಕಿಸಿದ್ದರೆ ಮುಗಿಯುತ್ತಿತ್ತು. ಡೇಟಾ ಹಾಕಿಕೊಂಡು ಮುಂದೆ ಹೋದವರಲ್ಲೂ ಹೆಚ್ಚಿನವರು ರಿಜಿಸ್ಟರ್ ಆಗಲಿಲ್ಲ ಎಂಬುದೇ ನಮ್ಮನ್ನು ಯೋಚನೆಗೆ ಹಚ್ಚಿತು.

ಮೇಲ್ ಯಾರದ್ದು, ಓಟಿಪಿ ಯಾರಿಗೆ

ಬಿ.ಕಾಂ. ಎರಡನೇ ವರ್ಷದ ಹುಡುಗಿಯೊಬ್ಬಳನ್ನು ಕೂರಿಸಿಕೊಂಡು, ಎಲ್ಲಿ ನಿಂತಿತು ತೋರಿಸಮ್ಮ ಎಂದೆ. ಸ್ವಯಂ ಮೇಲ್ ಐಡಿ ಕೇಳಿತು, ಹಾಕಿದಳು. ಪಾಸ್‌ವರ್ಡ್ ಕೇಳಿತು. ಕೈ ನಿಂತಿತು.

"ಪಾಸ್‌ವರ್ಡ್ ಗೊತ್ತಿಲ್ಲ ಮೇಡಂ. ಅಡ್ಮಿಷನ್ ಟೈಮಲ್ಲಿ ಸೈಬರ್ ಅಣ್ಣ ಮಾಡಿಕೊಟ್ಟಿದ್ದು. ಅವರ ಬುಕ್ಕಲ್ಲಿ ಬರೆದಿಟ್ಕೊಂಡಿದಾರೆ."

"ಮರೆತಿದ್ದೀನಿ ಅಂತ ಒತ್ತಿ ಹೊಸದು ಮಾಡ್ಕೋಬಹುದಲ್ಲ?"

"ಅದಕ್ಕೆ ಕೋಡ್ ಅವರ ನಂಬರಿಗೇ ಹೋಗುತ್ತೆ."

ಇವಳೊಬ್ಬಳದೇ ಕಥೆ ಎಂದುಕೊಂಡಿದ್ದೆವು. ಕ್ಲಾಸಿನಲ್ಲಿ ಕೇಳಿದಾಗ ಸಾಲುಸಾಲಾಗಿ ಕೈ ಎದ್ದವು. ನಮ್ಮ ಬಡಾವಣೆಗಳಲ್ಲಿ ಡಿಗ್ರಿ ಅಡ್ಮಿಷನ್ ಅರ್ಜಿ, ರಾಜ್ಯದ ಜಾಲತಾಣ ಎಸ್‌ಎಸ್‌ಪಿಯ ವಿದ್ಯಾರ್ಥಿವೇತನದ ಅರ್ಜಿ, ವಿಶ್ವವಿದ್ಯಾಲಯಗಳ ಜಾಲತಾಣ ಯುಯುಸಿಎಂಎಸ್‌ನ ಪರೀಕ್ಷಾ ಅರ್ಜಿ ಎಲ್ಲವೂ ಸೈಬರ್ ಸೆಂಟರಿನಲ್ಲೇ ತುಂಬಿಸುವುದು. ಅಂಗಡಿಯವರು ಕೆಟ್ಟವರೇನಲ್ಲ. ಅರ್ಜಿ ಕೊನೆಯ ದಿನ ಸಾಲು ನಿಂತ ಜನರಿಗೆ ಬೇಗ ಕೆಲಸ ಆಗಲೆಂದು ತಾವೇ ಮೇಲ್ ತೆರೆದು, ತಮ್ಮ ನಂಬರನ್ನೇ ಹಾಕಿ, ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಆದರೆ ಅದರ ಪರಿಣಾಮ ನೋಡಿ. ಮೂರು ವರ್ಷ ಪದವಿ ಓದುವ ಹುಡುಗಿಯ ಮೇಲ್ ಅವಳ ಕೈಯಲ್ಲಿಲ್ಲ. ಪ್ರತಿ ಸೆಮಿಸ್ಟರಿನಲ್ಲೂ ದುಡ್ಡು ಹಿಡಿದುಕೊಂಡು ಅದೇ ಅಂಗಡಿಗೆ ಹೋಗಬೇಕು. ಅಂಗಡಿ ಮುಚ್ಚಿದರೆ ಮೇಲ್ ಹೋದಂತೆಯೇ.

ಎರಡನೆಯದು ಓಟಿಪಿ. ಸ್ವಯಂನಲ್ಲಿ ಗಳಿಸಿದ ಕ್ರೆಡಿಟ್ ಲೆಕ್ಕಕ್ಕೆ ಬರಬೇಕಾದರೆ, ವಿದ್ಯಾರ್ಥಿಯ ಕ್ರೆಡಿಟ್‌ಗಳನ್ನು ಕೂಡಿಡುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಖಾತೆ ಬೇಕು. 2021ರಲ್ಲಿ ಬಂದ ಈ ವ್ಯವಸ್ಥೆಯಲ್ಲಿ ಖಾತೆ ತೆರೆಯುವುದು ದಾಖಲೆಗಳನ್ನು ಇಡುವ ಸರ್ಕಾರಿ ಆ್ಯಪ್ ಡಿಜಿಲಾಕರ್ ಮೂಲಕ. ಡಿಜಿಲಾಕರ್‌ಗೆ ಆಧಾರ್ ಬೇಕು, ಆಧಾರ್ ಓಟಿಪಿ ಹೋಗುವುದು ಅದಕ್ಕೆ ಜೋಡಿಸಿದ ಮೊಬೈಲಿಗೆ. ಆ ನಂಬರು ಬಹುತೇಕ ಅಪ್ಪನದು. ಅಪ್ಪ ಮಧ್ಯಾಹ್ನ ಗಾಡಿ ಓಡಿಸುತ್ತಿರುತ್ತಾರೆ, ಇಲ್ಲವೇ ಮಿಷನ್ ಮುಂದೆ ನಿಂತಿರುತ್ತಾರೆ, ಫೋನ್ ಎತ್ತುವುದಿಲ್ಲ. ಓಟಿಪಿಗೆ ಇರುವುದು ಕೆಲವೇ ನಿಮಿಷದ ಆಯುಷ್ಯ. ಕೆಲವರ ಆಧಾರಿಗೆ ಜೋಡಿಸಿದ್ದ ನಂಬರು ಎಂದೋ ಬಂದ್ ಆಗಿತ್ತು. ಹೊಸ ನಂಬರು ಸೇರಿಸಲು ಬೆಂಗಳೂರು ಒನ್ ಕೇಂದ್ರಕ್ಕೋ ಅಂಚೆ ಕಚೇರಿಯ ಆಧಾರ್ ಕೌಂಟರಿಗೋ ಖುದ್ದಾಗಿ ಹೋಗಬೇಕಿತ್ತು. ಒಂದು ದಿನದ ಕಾರ್ಯಾಗಾರದ ಮಧ್ಯಾಹ್ನದಲ್ಲಿ ಇದು ಆಗುವ ಕೆಲಸವೇ?

ಹೀಗೆ ವಿಚಾರಿಸುತ್ತಾ ಹೋದಂತೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ವಿದ್ಯಾರ್ಥಿ ತನ್ನ ಕೆಲಸವನ್ನು ತನ್ನ ಕೈಯಾರೆ ಮಾಡಿ ಮುಗಿಸಿಕೊಂಡು ಏಳುವಂತಿದ್ದರೆ ಮಾತ್ರ ಅದನ್ನು ಕಾರ್ಯಾಗಾರ ಎನ್ನಬೇಕು. ಕೇಳಿ ಎದ್ದು ಹೋಗುವುದಕ್ಕೆ ಉಪನ್ಯಾಸ ಎಂಬ ಹೆಸರು ಇದ್ದೇ ಇದೆ.

ಮತ್ತೆ ಕಟ್ಟಿದ್ದು

ಪ್ರಾಂಶುಪಾಲರ ಹತ್ತಿರ ಹೋಗಿ, ಸಭಾಂಗಣ ಬೇಡ, ಅತಿಥಿ ಬೇಡ, ಕಂಪ್ಯೂಟರ್ ಲ್ಯಾಬು ವಾರಕ್ಕೆರಡು ಮಧ್ಯಾಹ್ನ ಬೇಕು ಎಂದು ಕೇಳಿದೆವು. ಅವರು ಕೊಟ್ಟರು. ಕಾಮರ್ಸ್ ವಿಭಾಗದ ಮೇಷ್ಟ್ರೊಬ್ಬರು, ಕನ್ನಡ ವಿಭಾಗದ ಮೇಡಂ, ಲ್ಯಾಬ್ ಅಟೆಂಡರ್ ಅಣ್ಣ ಮತ್ತು ನಾನು ಜೊತೆಯಾದೆವು. ಅಂತಿಮ ವರ್ಷದ ಕೆಲವು ವಿದ್ಯಾರ್ಥಿಗಳನ್ನು ಸಹಾಯಕರಾಗಿ ಸೇರಿಸಿಕೊಂಡೆವು.

ಸಹಾಯಕರಿಗೆ ಎರಡು ನಿಯಮ ಹೇಳಿದೆವು. ಇನ್ನೊಬ್ಬರ ಮೌಸ್ ಮುಟ್ಟಬಾರದು. ಪಾಸ್‌ವರ್ಡ್ ಹಾಕುವಾಗ ಮುಖ ತಿರುಗಿಸಿ ನಿಲ್ಲಬೇಕು. ಮೊದಲನೆಯದನ್ನು ಪಾಲಿಸುವುದು ಬಹಳ ಕಷ್ಟವಾಯಿತು. ಗೊತ್ತಿದ್ದವರಿಗೆ ಗೊತ್ತಿಲ್ಲದವರ ನಿಧಾನ ನೋಡಿ ಸುಮ್ಮನಿರಲು ಆಗುವುದಿಲ್ಲ, ಕೈ ತಾನಾಗಿ ಮುಂದೆ ಬರುತ್ತದೆ. ಒಬ್ಬ ಹುಡುಗಿ ಕೊನೆಗೆ ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡೇ ನಿಂತು ಹೇಳಿಕೊಡುತ್ತಿದ್ದಳು. "ಅಕ್ಕ, ನೀವೇ ಮಾಡ್ಬಿಡಿ" ಎಂದು ಜೂನಿಯರ್‌ಗಳು ಗೋಗರೆದರೂ ಜಗ್ಗಲಿಲ್ಲ. ಸೈಬರ್ ಅಂಗಡಿಯಲ್ಲಿ ಆಗಿದ್ದೂ ಅದೇ ಅಲ್ಲವೇ, ಯಾರೋ ಮಾಡಿಬಿಟ್ಟಿದ್ದು.

ಮೊದಲ ಕೆಲವು ಮಧ್ಯಾಹ್ನಗಳು ಮೇಲ್ ಮತ್ತು ಡಿಜಿಲಾಕರ್‌ಗೇ ಹೋದವು. ಯಾವ ದಿನ ಯಾವ ಹೊತ್ತಿಗೆ ಓಟಿಪಿ ಬರುತ್ತದೆ ಎಂದು ಮುಂಚೆಯೇ ನೋಟಿಸ್ ಹಾಕಿ, ಮನೆಯಲ್ಲಿ ಹೇಳಿಬರಲು ತಿಳಿಸಿದೆವು. ಆ ಹೊತ್ತಿಗೆ ಅಪ್ಪಂದಿರು ಫೋನ್ ಎತ್ತಿದರು. ಒಬ್ಬರಂತೂ ಓಟಿಪಿ ಹೇಳಲು ಒಪ್ಪದೆ, "ಯಾರಿಗೂ ಹೇಳಬಾರದು ಅಂತ ಮೆಸೇಜಲ್ಲೇ ಇದೆಯಲ್ಲಮ್ಮ" ಎಂದರಂತೆ. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಮಗಳು ಮನೆಗೆ ಹೋಗಿ, ಅವರ ಎದುರಿಗೇ ಖಾತೆ ತೆರೆದುಕೊಂಡು ಬಂದಳು. ಮೇಲ್ ವಾಪಸ್ ಸಿಗದವರು ತಮ್ಮದೇ ನಂಬರ್ ಹಾಕಿ ಹೊಸದು ತೆರೆದರು.

ಹಾಜರಾತಿ ಪುಸ್ತಕದಲ್ಲಿ ಸಹಿಯ ಪಕ್ಕ ಇನ್ನೊಂದು ಅಂಕಣ ಎಳೆದೆವು. ಇವತ್ತು ಮುಗಿಸಿದ ಕೆಲಸ ಯಾವುದು ಎಂದು ವಿದ್ಯಾರ್ಥಿಯೇ ಬರೆಯಬೇಕು. ಮುಗಿಯದಿದ್ದರೆ ಖಾಲಿ ಬಿಡಬೇಕು. ಖಾಲಿ ಬಿಟ್ಟವರನ್ನು ಮುಂದಿನ ಸಲ ಮೊದಲು ಕೂರಿಸುತ್ತಿದ್ದೆವು.

ಹೆಡ್‌ಫೋನ್ ಮತ್ತು ಸಂಘದ ಪುಸ್ತಕ

ಮುಂದಿನದು ಸ್ಪ್ರೆಡ್‌ಶೀಟ್, ಅಂದರೆ ಚೌಕಗಳಲ್ಲಿ ಲೆಕ್ಕ ಬರೆಯುವ ಕಂಪ್ಯೂಟರ್ ಹಾಳೆ. ಐಐಟಿ ಬಾಂಬೆಯ ವಿಡಿಯೊ ಪಾಠಮಾಲೆ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಉಚಿತ ಕಚೇರಿ ತಂತ್ರಾಂಶ ಲಿಬ್ರೆ ಆಫೀಸ್‌ನ ಪಾಠಗಳಿವೆ. ಒಂದೊಂದೂ ಹತ್ತು ನಿಮಿಷದ ಆಸುಪಾಸು. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆ ಕನ್ನಡದಲ್ಲಿ ಕೇಳುತ್ತದೆ. ನಮ್ಮ ಮಕ್ಕಳಿಗೆ ಇದು ಹೇಳಿಮಾಡಿಸಿದ ಕ್ರಮ, ಏಕೆಂದರೆ ನಾಳೆ ಕೆಲಸಕ್ಕೆ ಸೇರಿದರೆ ಅವರ ಮುಂದೆ ಇರುವುದು ಇಂಗ್ಲಿಷ್ ಮೆನುವೇ. ಈ ಪಾಠಗಳನ್ನು ನೋಡುವ ಕ್ರಮವೂ ಬೇರೆ. ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ತಂತ್ರಾಂಶ. ಒಂದು ಹೆಜ್ಜೆ ನೋಡುವುದು, ನಿಲ್ಲಿಸುವುದು, ಮಾಡುವುದು, ಮತ್ತೆ ಮುಂದುವರಿಸುವುದು. ಒಬ್ಬೊಬ್ಬರೂ ಒಂದೊಂದು ಕಡೆ ನಿಲ್ಲಿಸುತ್ತಾರಾದ್ದರಿಂದ ಪ್ರತಿಯೊಬ್ಬರಿಗೂ ಹೆಡ್‌ಫೋನ್ ಬೇಕೇ ಬೇಕು. ಅದೇ ವಿಡಿಯೊವನ್ನು ಪ್ರೊಜೆಕ್ಟರಿನಲ್ಲಿ ಹಾಕಿ ಎಲ್ಲರಿಗೂ ಒಟ್ಟಿಗೆ ತೋರಿಸಿದರೆ ಈ ಕ್ರಮದ ಜೀವವೇ ಹೋಗುತ್ತದೆ. ಹಾಗೆ ತೋರಿಸುವ ಕಾಲೇಜುಗಳನ್ನು ನೋಡಿದ್ದೇನೆ, ಬೇಸರವಾಗುತ್ತದೆ.

ಮಕ್ಕಳ ಬಳಿ ಇದ್ದದ್ದು ಬ್ಲೂಟೂತ್ ಬಡ್ಸ್. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಬ್ಲೂಟೂತ್ ಇಲ್ಲ. ಕಾಮರ್ಸ್ ಮೇಷ್ಟ್ರು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿಗೆ ಹೋಗಿ ವೈರ್ ಇರುವ ಹೆಡ್‌ಫೋನುಗಳನ್ನು ಸಗಟು ದರದಲ್ಲಿ ತಂದರು. ಮೊದಲ ಕಾರ್ಯಾಗಾರದಲ್ಲಿ ಶಾಲು, ಹಾರ, ನೆನಪಿನ ಕಾಣಿಕೆಗೆ ಆದ ಖರ್ಚಿನಲ್ಲಿ ಇವು ಬಂದವು.

ಅಭ್ಯಾಸಕ್ಕೆ ಮನೆಯ ಲೆಕ್ಕ ಯಾವುದಾದರೂ ತನ್ನಿ ಎಂದಿದ್ದೆವು. ಒಬ್ಬಳು ತನ್ನ ಅಮ್ಮ ಇರುವ ಮಹಿಳಾ ಸ್ವಸಹಾಯ ಸಂಘದ ಪುಸ್ತಕ ತಂದಳು. 10,000 ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಅಸಲು ತಿಂಗಳಿಗೆ 1,000ದಂತೆ ಹತ್ತು ಕಂತು. ಸೂತ್ರ ಬರೆದು, ಬಡ್ಡಿ ದರದ ಚೌಕದ ಜೊತೆಗೆ ಸಾಲದ ಮೊತ್ತ ಇದ್ದ ಚೌಕಕ್ಕೂ ಡಾಲರ್ ಚಿಹ್ನೆ ಹಾಕಿ (ಆ ಚಿಹ್ನೆ ಹಾಕಿದರೆ ಸೂತ್ರವನ್ನು ಎಷ್ಟು ಕೆಳಗೆ ಎಳೆದರೂ ಅದೇ ಚೌಕಕ್ಕೆ ಕಟ್ಟಿಹಾಕಿದಂತೆ), ಕೆಳಗಿನವರೆಗೆ ಎಳೆದಳು. ಹತ್ತು ಸಾಲಿನಲ್ಲೂ ಬಡ್ಡಿ 200 ಬಂತು. ಒಟ್ಟು 2,000. ನೋಡಲು ಅಚ್ಚುಕಟ್ಟಾಗಿತ್ತು, ಸಹಾಯಕರೂ ಸರಿ ಎಂದರು. ಮನೆಯಲ್ಲಿ ಅಮ್ಮನಿಗೆ ಫೋನಿನಲ್ಲಿ ತೋರಿಸಿದ್ದಾಳೆ. ಅಮ್ಮ ನೋಡಿದ ತಕ್ಷಣ, "ಸಾವಿರ ಕಟ್ಟಿದ ಮೇಲೆ ಅದಕ್ಕೂ ಯಾಕೆ ಬಡ್ಡಿ ಹಾಕ್ತೀಯೆ? ಉಳಿದಿದ್ದಕ್ಕೆ ತಾನೆ ಹಾಕೋದು" ಎಂದರಂತೆ.

ಮರುವಾರ ಅವಳು ಓಡಿಬಂದಳು. ಕಟ್ಟಿಹಾಕಬೇಕಾದದ್ದು ಬಡ್ಡಿ ದರದ ಚೌಕವನ್ನು ಮಾತ್ರ, ಸಾಲದ ಬಾಕಿ ತಿಂಗಳು ತಿಂಗಳು ಇಳಿಯುತ್ತಾ ಹೋಗಬೇಕು. ತಿದ್ದಿದಳು. 200, 180, 160 ಹೀಗೆ ಇಳಿದು ಹತ್ತನೇ ಕಂತಿಗೆ 20ಕ್ಕೆ ಬಂತು. ಒಟ್ಟು ಬಡ್ಡಿ 1,100. ಒಂದು ಡಾಲರ್ ಚಿಹ್ನೆ ತಪ್ಪು ಚೌಕದಲ್ಲಿ ಕೂತದ್ದಕ್ಕೆ 900 ರೂಪಾಯಿ ವ್ಯತ್ಯಾಸ. ಏಕರೂಪ ಬಡ್ಡಿಗೂ ಇಳಿಕೆ ಬಡ್ಡಿಗೂ ಇರುವ ವ್ಯತ್ಯಾಸ ಬಿ.ಕಾಂ. ಪಠ್ಯದಲ್ಲಿ ಇದ್ದೇ ಇದೆ, ಅವಳು ಅದನ್ನು ಬರೆದು ಅಂಕವನ್ನೂ ತೆಗೆದಿದ್ದಳು. ಅದು ಕೈಗೆ ಹತ್ತಿದ್ದು ಆ ದಿನ. ಈಗ ಸಂಘದ ಲೆಕ್ಕ ಅವಳೇ ಇಡುತ್ತಾಳೆ.

ಕನ್ನಡದ ಕಡತಗಳು

ಗ್ರಂಥಾಲಯದಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಸಿ.ಡಿ.ಯಲ್ಲೂ ಪೆನ್‌ಡ್ರೈವಿನಲ್ಲೂ ಇವೆ. ಇಂಗ್ಲಿಷಿನವು ಹುಡುಕಿದರೆ ಸಿಗುತ್ತವೆ. ಕನ್ನಡದವು ಸಿಗುವುದಿಲ್ಲ, ತೆರೆದರೆ ಇಂಗ್ಲಿಷ್ ಅಕ್ಷರಗಳೂ ವಿಚಿತ್ರ ಚಿಹ್ನೆಗಳೂ ಕಾಣುತ್ತವೆ. ಡಿಟಿಪಿ ಅಂಗಡಿಯ ಹಳೆಯ ಪದ್ಧತಿಯ ಅಕ್ಷರಶೈಲಿಗಳಲ್ಲಿ, ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಕನ್ನಡ ಮಾಯ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ, ಹಾಗಾಗಿ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಅದು ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ, ಹುಡುಕಲೂ ಸಿಗುತ್ತದೆ.

ಈ ವಿಷಯದಲ್ಲಿ ಮಕ್ಕಳು ಮೇಷ್ಟ್ರುಗಳಿಗಿಂತ ಮುಂದಿದ್ದರು. ಗೂಗಲ್ 2017ರಲ್ಲಿ ಕನ್ನಡ ಧ್ವನಿ ಟೈಪಿಂಗ್ ತಂದಮೇಲೆ ಫೋನಿಗೆ ಮಾತಾಡಿ ಬರೆಸುವುದು ಅವರಿಗೆ ರೂಢಿಯಾಗಿದೆ, ಮತ್ತು ಅದು ಯೂನಿಕೋಡೇ. ಬಿ.ಎ. ಹುಡುಗನೊಬ್ಬ ತನ್ನ ಊರಿನ ಜಾತ್ರೆಯ ಬಗ್ಗೆ ಪುಟಗಟ್ಟಲೆ ಹೀಗೆ ಹೇಳಿ ಬರೆಸಿಕೊಂಡು ಬಂದಿದ್ದ. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು, ಪೂರ್ಣವಿರಾಮವೇ ಇರಲಿಲ್ಲ. ತಿದ್ದುವುದಕ್ಕೆ ಕೀಲಿಮಣೆ ಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿರುವುದು ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸ, ಮತ್ತು ಈಗಿನ ನುಡಿ ಯೂನಿಕೋಡ್‌ನಲ್ಲೂ ಕೆಲಸ ಮಾಡುತ್ತದೆ. ಆ ವಿನ್ಯಾಸದಲ್ಲಿ ಒತ್ತಿಗೆ ಎಫ್ ಕೀಲಿ, ಟ ಅಕ್ಷರಕ್ಕೆ ಕ್ಯೂ, ಡ ಅಕ್ಷರಕ್ಕೆ ಡಬ್ಲ್ಯು. ಕನ್ನಡ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಸಲ ಒತ್ತಿದರೆ ಸಾಕು. ಎಫ್ ಒಂದನ್ನು ಹಿಡಿದುಕೊಂಡರೆ ಉಳಿದದ್ದು ಬೇಗ ಬರುತ್ತದೆ ಎಂದು ಕನ್ನಡ ಮೇಡಂ ಹೇಳಿಕೊಟ್ಟರು. ಮೇಡಂಗೆ ಧ್ವನಿ ಟೈಪಿಂಗ್ ಹೇಳಿಕೊಟ್ಟವನು ಆ ಹುಡುಗ.

ಕೋರ್ಸಿಗೆ ಬಂದಾಗ

ಇಷ್ಟೆಲ್ಲ ಆದಮೇಲೆ ಸ್ವಯಂಗೆ ವಾಪಸ್ ಬಂದೆವು. ಈ ಸಲ ರಿಜಿಸ್ಟರ್ ಆಗುವುದು ಒಂದು ಗಂಟೆಯ ಕೆಲಸವೂ ಆಗಲಿಲ್ಲ. ಬಂದ ಬ್ಯಾಚುಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಸೇರಿದರು.

ಸೇರಿದವರೆಲ್ಲ ಮುಗಿಸಲಿಲ್ಲ. ಎನ್‌ಪಿಟೆಲ್‌ನ 12 ವಾರಗಳ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ. ಅವುಗಳಲ್ಲಿ ಉತ್ತಮವಾದ 8ರ ಸರಾಸರಿಗೆ 25 ಅಂಕ, ಕೊನೆಯ ಪರೀಕ್ಷೆಗೆ 75. ಪ್ರಮಾಣಪತ್ರಕ್ಕೆ ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬರಲೇಬೇಕು. ಒಂದೆರಡು ವಾರ ತಪ್ಪಿದರೂ ಮುಂದುವರಿಯಬಹುದು ಎಂಬ ಈ ಲೆಕ್ಕ ಗೊತ್ತಿಲ್ಲದೆ, ಒಂದು ಅಸೈನ್‌ಮೆಂಟ್ ತಪ್ಪಿದ ಕೂಡಲೇ ಕೈಬಿಟ್ಟವರು ಇದ್ದರು. ಲೆಕ್ಕವನ್ನು ದೊಡ್ಡಕ್ಷರದಲ್ಲಿ ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದೆವು. ಪಾಠ ಇಂಗ್ಲಿಷಿನಲ್ಲಿ ಇರುತ್ತಿದ್ದರಿಂದ ವಾರಕ್ಕೊಮ್ಮೆ ಒಟ್ಟಿಗೆ ನೋಡಿ, ಕನ್ನಡದಲ್ಲಿ ಚರ್ಚಿಸುವ ಏರ್ಪಾಡಾಯಿತು. ಒಟ್ಟಿಗೆ ನೋಡಿದವರು ಉಳಿದುಕೊಂಡರು. ಒಬ್ಬೊಬ್ಬರೇ ಮನೆಯಲ್ಲಿ ನೋಡುತ್ತೇವೆ ಎಂದವರಲ್ಲಿ ಹೆಚ್ಚಿನವರು ಮಧ್ಯದಲ್ಲೇ ಬಿಟ್ಟರು.

ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೆ ಇನ್ನೊಂದಷ್ಟು ಜನ ಹಿಂದೆ ಸರಿದರು. ಇದನ್ನು ಆಸಕ್ತಿಯ ಕೊರತೆ ಎಂದು ಬರೆಯಲು ನಾನು ತಯಾರಿಲ್ಲ. ಕಾಲೇಜಿನ ಫೀಸನ್ನೇ ಕಂತಿನಲ್ಲಿ ಕಟ್ಟುವ ಮನೆಗಳು ಅವು. ಮೊದಲ ಕಾರ್ಯಾಗಾರಕ್ಕೆ ಆದ ಖರ್ಚಿನ ಇನ್ನೊಂದು ಭಾಗವನ್ನು ಈ ಶುಲ್ಕಕ್ಕೆ ಮೀಸಲಿಡಿ ಎಂದು ಆಡಳಿತ ಮಂಡಳಿಗೆ ಬರೆದಿದ್ದೇವೆ, ಉತ್ತರ ಬಂದಿಲ್ಲ.

ಕಾಲೇಜಿನ ಆಂತರಿಕ ಗುಣಮಟ್ಟ ಸಮಿತಿಯಾದ ಐಕ್ಯೂಎಸಿ ಸಭೆಯಲ್ಲಿ ಒಂದು ಪ್ರಶ್ನೆ ಎದ್ದಿತು. ಲ್ಯಾಬಿನ ಈ ಮಧ್ಯಾಹ್ನಗಳನ್ನು ಒಂದು ಕಾರ್ಯಕ್ರಮ ಎಂದು ತೋರಿಸುವುದೋ ಹಲವು ಎಂದೋ? ಅತಿಥಿ ಇಲ್ಲ, ಬ್ಯಾನರ್ ಇಲ್ಲ, ಉದ್ಘಾಟನೆಯ ಫೋಟೊ ಇಲ್ಲ. ನಾವು ಆ ಹಾಜರಾತಿ ಪುಸ್ತಕದ ಪುಟಗಳ ಪ್ರತಿಯನ್ನೇ ಕೊಟ್ಟೆವು, 'ಮುಗಿಸಿದ ಕೆಲಸ' ಅಂಕಣದ ಸಮೇತ. ಕೆಲಸದಲ್ಲಿರುವ ಸಹೋದ್ಯೋಗಿಗಳಿಗೆ ನನ್ನ ಸಲಹೆ ಇಷ್ಟೇ: ಬೇರೇನೂ ಆಗದಿದ್ದರೂ ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲೇ ಮೇಲ್ ಮತ್ತು ಡಿಜಿಲಾಕರ್ ಮುಗಿಸಿಕೊಡಿ. ಪರೀಕ್ಷಾ ಅರ್ಜಿಯ ಗಲಾಟೆ ಶುರುವಾದ ಮೇಲೆ ಮಕ್ಕಳು ಕೈಗೆ ಸಿಗುವುದಿಲ್ಲ.

ನಮ್ಮಲ್ಲಿ ಬಗೆಹರಿಯದೆ ಉಳಿದಿರುವುದು ಮಧ್ಯಾಹ್ನ ಕೆಲಸಕ್ಕೆ ಹೋಗುವ ಹುಡುಗರದ್ದು. ಲ್ಯಾಬು ತೆರೆದಿರುವ ಹೊತ್ತಿಗೆ ಅವರು ರಸ್ತೆಯ ಮೇಲಿರುತ್ತಾರೆ, ಶನಿವಾರವೂ ಅವರಿಗೆ ಕೆಲಸ ಇರುತ್ತದೆ. ಬೆಳಗ್ಗೆ ಕ್ಲಾಸಿಗೆ ಮುಂಚೆ ಒಂದು ಗಂಟೆ ಲ್ಯಾಬು ತೆರೆಯಲು ಅಟೆಂಡರ್ ಅಣ್ಣ ಒಪ್ಪಿದ್ದಾರೆ. ಅವರಿಗೆ ಹೆಚ್ಚುವರಿ ಭತ್ಯೆ ಕೊಡಬೇಕೆಂಬ ಪತ್ರ ಆಡಳಿತ ಮಂಡಳಿಯ ಮುಂದಿದೆ. ಮಂಜೂರಾದರೆ ಬರುವ ಸೆಮಿಸ್ಟರಿನಿಂದ ಆ ಬ್ಯಾಚು ಶುರುವಾಗುತ್ತದೆ.